ಹರಿಯದ ನೀರಿಗೆ ಎಷ್ಟು ಹೆಸರು

ನನಗೊಂದು ಚಾಳಿ ಇದೆ. ಯಾವ ಪದ ಕಿವಿಗೆ ಬಿದ್ದರೂ ಅದಕ್ಕೊಂದು ವಿರುದ್ಧ ಪದ ಹುಡುಕಿ ಜೋಡಿ ಮಾಡದಿದ್ದರೆ ಸಮಾಧಾನವಿರುವುದಿಲ್ಲ. ಮದುವೆ ಕುದುರಿಸುವ ಹವ್ಯಾಸದವರು ಹೆಣ್ಣು ಕಂಡ ಕೂಡಲೆ ಗಂಡಿನ ಯೋಚನೆ ಮಾಡುತ್ತಾರಲ್ಲ, ಹಾಗೆ. ಕನ್ನಡ ಪಂಡಿತನಾಗಿ ಊಟ ಸಂಪಾದಿಸುವವನಿಗೆ ಇದು ತಪ್ಪೇನಲ್ಲ ಎಂದು ನನ್ನನ್ನು ನಾನು ಸಮರ್ಥಿಸಿಕೊಂಡಿದ್ದೇನೆ. ಆದರೆ ಊಟಕ್ಕೆ ಕೂತಾಗಲೂ ‘ಬಡಿಸು’ ಎನ್ನುವುದಕ್ಕೆ ಎದುರು ಪದ ಏನು ಎಂದು ಎಲೆಯ ಮುಂದೆ ಧ್ಯಾನಕ್ಕೆ ಕೂತರೆ, ಸೌಟು ಹಿಡಿದು ನಿಂತವರಿಗೆ ಏನನ್ನಿಸುತ್ತದೆ ಎಂಬುದನ್ನು ನನ್ನಾಕೆ ಹಲವು ಸಲ ಬಿಡಿಸಿ ಹೇಳಿದ್ದಾಳೆ.

ನನ್ನ ಈ ಚಾಳಿಗೆ ಸೊಪ್ಪು ಹಾಕದ ಪದಗಳಲ್ಲಿ ‘ಹರಿ’ ಮುಖ್ಯವಾದದ್ದು. ನೀರು ಹರಿಯುತ್ತದೆ ಎನ್ನುವಾಗಿನ ಹರಿ. ಹಿಂದೂಪುರದ ಬೋರ್ಡು ಶಾಲೆಯಲ್ಲಿದ್ದಾಗ ಒಂದು ಪರೀಕ್ಷೆಗೆ ಇದನ್ನು ಕೊಟ್ಟೆ. ಮನಸ್ಸಿನಲ್ಲಿ ‘ನಿಲ್ಲು’ ಎಂಬ ಉತ್ತರ ಇಟ್ಟುಕೊಂಡು, ಕೆಂಪು ಮಸಿ ಕಲಸಿ, ಯುದ್ಧಕ್ಕೆ ಹೊರಟವನಂತೆ ಉತ್ತರ ಪತ್ರಿಕೆಗಳ ಮುಂದೆ ಕೂತೆ. ಆಲೆಮನೆಯವರ ಹುಡುಗ ‘ಹದಕ್ಕೆ ಬರು’ ಎಂದು ಬರೆದಿದ್ದ. ಅವನ ಮನೆಯಲ್ಲಿ ಕಬ್ಬಿನ ಪಾಕ ಹರಿಯುವುದು ನಿಂತರೆ ಬೆಲ್ಲವಾಯಿತು ಎಂದರ್ಥ. ಎಮ್ಮೆ ಸಾಕಿದ ಮನೆಯವನು ‘ಹೆಪ್ಪುಗಟ್ಟು’ ಎಂದಿದ್ದ. ಬೆಲ್ಲದ ಮಂಡಿಯ ಶೈವ ವ್ಯಾಪಾರಿಯೊಬ್ಬರ ಮಗ ಎಳ್ಳಷ್ಟೂ ಅನುಮಾನವಿಲ್ಲದೆ ದೊಡ್ಡಕ್ಷರದಲ್ಲಿ ‘ಹರ’ ಎಂದು ಬರೆದು ಅಡಿಗೆರೆ ಹಾಕಿದ್ದ. ಎಲ್ಲರಿಗೂ ಸೊನ್ನೆ ಸುತ್ತಿದೆ.

ಮರುದಿನ ಆ ಹುಡುಗನ ತಂದೆ ಹಣೆತುಂಬ ವಿಭೂತಿಯೊಡನೆ ಶಾಲೆಗೆ ಬಂದರು. ನಮ್ಮ ಕಡೆ ಮೇಷ್ಟರನ್ನು ತೆಲುಗಿನ ರೂಢಿಯಂತೆ ‘ಅಯ್ಯವಾರು’ ಎನ್ನುತ್ತಾರೆ. “ಅಯ್ಯವಾರೂ, ಹರೀಗೆ ಹರ ಎದುರಲ್ದೆ ಇನ್ಯಾರು ಎದುರು? ನಮ್ ತಾತನ ಕಾಲದಿಂದ್ಲೂ ಹಂಗೇ ಐತಲ್ಲಪ್ಪ!” ಎಂದರು. ಅವರ ಮುಖದಲ್ಲಿ ನಗುವೂ ಇತ್ತು, ಜಗಳಕ್ಕೆ ಬೇಕಾದಷ್ಟು ಸಿದ್ಧತೆಯೂ ಇತ್ತು. ಅರ್ಧ ಅಂಕ ಕೊಟ್ಟು ಸಂಧಿ ಮಾಡಿಕೊಂಡೆ. ಆಲೆಮನೆಯವನ ತಂದೆ ಬರಲಿಲ್ಲವಾದ್ದರಿಂದ ಅವನ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ನ್ಯಾಯ ಎನ್ನುವುದು ಆಗಲೂ ಹೀಗೆಯೇ ನಡೆಯುತ್ತಿತ್ತು.

ಆಮೇಲೆ ನಿಧಾನವಾಗಿ ಯೋಚಿಸಿದರೆ ನನ್ನ ‘ನಿಲ್ಲು’ ಕೂಡ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಎತ್ತು ನಿಲ್ಲುತ್ತದೆ, ಇದ್ದಿಲಿನಿಂದ ಓಡುವ ನಮ್ಮ ಬಸ್ಸು ಏರು ಸಿಕ್ಕಲ್ಲೆಲ್ಲ ನಿಲ್ಲುತ್ತದೆ, ತರಗತಿಯಲ್ಲಿ ತಪ್ಪು ಮಾಡಿದವನು ಬೆಂಚಿನ ಮೇಲೆ ನಿಲ್ಲುತ್ತಾನೆ. ನೀರಿಗೆ ಮಾತ್ರ ಎಂದು ಮೀಸಲಾದ ಪದವಲ್ಲ ಅದು. ‘ಬತ್ತು’ ಎಂದರೆ ನೀರೇ ಇಲ್ಲ. ಇಲ್ಲದ್ದು ಇರುವುದಕ್ಕೆ ಎದುರಾಗಬಹುದೇ ಹೊರತು ಹರಿಯುವುದಕ್ಕೆ ಹೇಗೆ ಎದುರಾದೀತು? ‘ಮಡುಗಟ್ಟು’ ಎಂದರೆ ನೀರಿಗಿಂತ ಹೆಚ್ಚಾಗಿ ದುಃಖದ ನೆನಪಾಗುತ್ತದೆ. ‘ತಂಗು’ ಎಂದರೆ ಬೆಳಿಗ್ಗೆ ಎದ್ದು ಹೊರಡುವ ಪ್ರಯಾಣಿಕ. ಇನ್ನು ‘ಇಂಗು’. ತೆಲುಗಿನಲ್ಲಿಯೂ ‘ಇಂಕು’ ಎಂದು ಇದಕ್ಕೊಂದು ತಂಗಿ ಇದ್ದಾಳೆ. ಆದರೆ ಈ ಪದದ ಮೇಲೆ ನನಗೆ ಗೌರವ ಹುಟ್ಟಿರಲಿಲ್ಲ. ಅದನ್ನು ಕೇಳಿದೊಡನೆ ಸಾರಿನ ಒಗ್ಗರಣೆ ಮೂಗಿಗೆ ಬಂದು, ಭಾಷಾಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು.

ಒಟ್ಟಿನಲ್ಲಿ ಹರಿಯುವುದು ಒಳ್ಳೆಯದು, ನಿಲ್ಲುವುದು ಕೆಟ್ಟದ್ದು ಎಂಬುದು ಆ ಕಾಲದಲ್ಲಿ ನನ್ನ ತತ್ವಶಾಸ್ತ್ರ. ಹುಡುಗರಿಗೆ ಪ್ರಬಂಧ ಬರೆಸುತ್ತಿದ್ದೆ, ನಾನೂ ಭಾಷಣ ಮಾಡುತ್ತಿದ್ದೆ. ಹರಿಯುವ ನೀರಿನಂತೆ ಬಾಳಬೇಕು, ನಿಂತರೆ ಪಾಚಿ ಕಟ್ಟುತ್ತದೆ ಎಂದೆಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು, ಭಾಷಣಗಳಿಗೆ ಒಳ್ಳೆಯ ಸುಗ್ಗಿ. ಹಾಗೆ ಹರಿಯುವುದರ ಪರವಾಗಿ ಮಾತನಾಡುತ್ತಿದ್ದವನನ್ನು ಮೇಲಿನವರು ಕಲ್ಯಾಣದುರ್ಗಕ್ಕೆ ವರ್ಗ ಮಾಡಿದರು. ಹೊಳೆಯ ಬದಿಯವನನ್ನು ಒಣನೆಲಕ್ಕೆ ಹಾಕಿದರು ಎಂದು ನನ್ನಾಕೆ ಪಾತ್ರೆ ಕಟ್ಟುವಾಗ ಗೊಣಗಿದಳು.

ಕಲ್ಯಾಣದುರ್ಗದಲ್ಲಿ ನಮ್ಮ ಶಾಲೆ ಊರ ಅಂಚಿನಲ್ಲಿತ್ತು. ಅದರ ಕೆಳಗೆ ಒಂದು ಸಣ್ಣ ಓಣಿ, ಓಣಿಯ ತುದಿಯಲ್ಲಿ ಮೆಟ್ಟಿಲುಬಾವಿ. ಬಾವಿ ಓಬಕ್ಕನದು. ಆಕೆ ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದವು. ಬಾವಿಯ ಪಕ್ಕ ನಾಲ್ಕು ಮಡಿ ಸೊಪ್ಪು ಬೆಳೆದು ಸಂತೆಯಲ್ಲಿ ಮಾರಿ ಒಬ್ಬಳೇ ಮಗಳನ್ನು ಸಾಕಿ, ರೊದ್ದಕ್ಕೆ ಕೊಟ್ಟು ಮದುವೆ ಮಾಡಿದ್ದಳು. ಓಣಿಯ ಐದಾರು ಮನೆಗಳಿಗೂ ಶಾಲೆಗೂ ಅದೇ ಬಾವಿಯ ನೀರು. ಯಾರನ್ನೂ ಆಕೆ ಬೇಡ ಎಂದವಳಲ್ಲ.

ಶಾಲೆಯ ಹಿಂದೆ, ಬಾವಿಗಿಂತ ಎತ್ತರದಲ್ಲಿ, ಒಂದು ಕುಂಟೆ ಇತ್ತು. ಕುಂಟೆ ಎಂದರೆ ದೊಡ್ಡದೇನಲ್ಲ, ನಾಲ್ಕು ಗಾಡಿ ಒಟ್ಟಿಗೆ ಬಿಡಬಹುದಾದಷ್ಟು ಅಗಲದ ತಗ್ಗು, ಕೆಳಬದಿಗೆ ಒಂದು ಮಣ್ಣಿನ ಕಟ್ಟೆ. ನಾನು ಆ ಊರಿಗೆ ಹೋದ ವರ್ಷ ಹಸ್ತ ಮಳೆ ಚೆನ್ನಾಗಿ ಹೊಡೆದು ಅದು ತುಂಬಿತ್ತು. ವಿಚಿತ್ರವೆಂದರೆ ಆ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಟ್ಟೆ ಒಗೆಯುತ್ತಿರಲಿಲ್ಲ, ಎಮ್ಮೆ ಇಳಿಸುತ್ತಿರಲಿಲ್ಲ, ಒಂದು ಚೆಂಬು ಮೊಗೆದು ಕೈಕಾಲು ಕೂಡ ತೊಳೆಯುತ್ತಿರಲಿಲ್ಲ. ಹಸಿರು ಕಟ್ಟಿಕೊಂಡು ಸುಮ್ಮನೆ ಬಿದ್ದಿತ್ತು. ಸೊಳ್ಳೆಗಳು ಮಾತ್ರ ಅದನ್ನು ಪೂರ್ತಿ ಬಳಸಿಕೊಳ್ಳುತ್ತಿದ್ದವು. ಯಾರೂ ಉಪಯೋಗಿಸದ ನೀರು ಯಾರಿಗೂ ಬೇಡವಾದ ನೀರು ಎಂದು ನಾನು ತೀರ್ಮಾನಿಸಿದೆ. ಪಂಡಿತರು ತೀರ್ಮಾನಕ್ಕೆ ಬರಲು ಇಷ್ಟು ಸಾಕು.

ಒಂದು ಸಂತೆಯ ದಿನ, ದೊಡ್ಡವರೆಲ್ಲ ಸಂತೆಗೆ ಹೋಗಿದ್ದಾಗ, ಮೇಲಿನ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಸಲಿಕೆ ಹಿಡಿದು ಹೊರಟೆ. ಕುಂಟೆಯ ಕಟ್ಟೆ ಕಡಿದು ಹಳ್ಳದ ಕಡೆಗೆ ಕಾಲುವೆ ತೋಡಿದೆವು. ಕಟ್ಟೆಗೆ ಮೊದಲ ಏಟು ಹಾಕುವಾಗ ಮುಂದಿನ ಸಾಲಿನ ಒಬ್ಬಳು, “ಅಯ್ಯವಾರೂ, ಇದು ಬಾವಿ ನೀರು” ಎಂದಳು. “ಬಾವಿ ಅಲ್ಲಿ ಕೆಳಗಿದೆಯಲ್ಲಮ್ಮ” ಎಂದು ನಾನು ಬೆರಳು ತೋರಿಸಿ ಅವಳ ಭೂಗೋಳ ತಿದ್ದಿದೆ. ನೀರು ಗಳಗಳ ಹರಿದು ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲಿಯೇ ನಿಂತು ಹರಿಯುವ ನೀರಿನ ಮೇಲೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಮಕ್ಕಳು ಕೆಸರಿನ ಕಾಲಿನಲ್ಲಿ ನಿಂತು ಕೇಳಿದರು. ಈಗ ಅದನ್ನು ನೆನೆದರೆ ಕಿವಿಯೆಲ್ಲ ಬಿಸಿಯಾಗುತ್ತದೆ.

ಓಬಕ್ಕ ಆಗ ಊರಿನಲ್ಲಿರಲಿಲ್ಲ. ಬಸುರಿ ಮಗಳಿಗೆ ಬಳೆ ತೊಡಿಸಲು ರೊದ್ದಕ್ಕೆ ಹೋಗಿದ್ದಳು. ಮೂರನೆಯ ದಿನ ಬಂದವಳು ಗಂಟನ್ನೂ ಇಳಿಸದೆ ಕುಂಟೆಯ ಬಳಿಗೇ ಬಂದಳು. ನಾನು ಹೊಗಳಿಕೆಗೆ ತಯಾರಾಗಿ ಶಾಲೆಯಿಂದ ಹೊರಗೆ ಬಂದೆ.

“ಏನಯ್ಯವಾರೂ, ಕುಂಟೆ ಕಡಿದ್ಬುಟ್ರಾ?”

“ನಿಂತು ನಿಂತು ಕೊಳೆಯುತ್ತಿತ್ತಲ್ಲ, ಓಬಕ್ಕ.”

ಆಕೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. “ನಿಂತಿರ್ಲಿಲ್ಲ ಕಣಪ್ಪ, ಇಂಗ್ತಿತ್ತು. ಕಣ್ಣಿಗ್ ಕಾಣಾಕಿಲ್ಲ, ಅಷ್ಟೇಯ. ಈಗ ಇಲ್ಲಿ ಇಂಗಿದ್ದು ಮಾಗಿ ಮುಗಿಯೋ ಹೊತ್ಗೆ ಬಾವೀಲಿ ಊರ್ತೈತೆ. ನಮ್ಮತ್ತೆ ಕಾಲದಿಂದ್ಲೂ ಇದಕ್ ಯಾರೂ ಕಾಲಿಕ್ಕಿಲ್ಲ” ಎಂದಳು.

ಆಮೇಲೆ ಒಂದೊಂದಾಗಿ ತಿಳಿಯಿತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಬಾವಿಯ ನೀರು ಸೇದುವ ಮನೆಯವರೆಲ್ಲ ಬಂದು, ಮನೆಗೆರಡು ಮಂಕರಿಯಂತೆ ಕುಂಟೆಯ ತಳದ ಹೂಳು ತೆಗೆಯುತ್ತಾರೆ. ತಳ ಅಂಟುಗಟ್ಟಿದರೆ ನೀರು ಇಂಗುವುದಿಲ್ಲ. ಎಮ್ಮೆ ಇಳಿದರೆ ತುಳಿದು ತಳ ಗಟ್ಟಿ ಮಾಡುತ್ತದೆ, ಬಟ್ಟೆ ಒಗೆದರೆ ಕೊಳೆ ಕೆಳಗಿಳಿಯುತ್ತದೆ. ಅದಕ್ಕಾಗಿಯೇ ಯಾರೂ ಮುಟ್ಟುವುದಿಲ್ಲ. ನಾನು ಉದಾಸೀನ ಎಂದುಕೊಂಡದ್ದು ಅವರ ಮಡಿ. ಯಾಕೆ ದೊಡ್ಡವರು ಒಬ್ಬರೂ ನನಗೆ ಹೇಳಲಿಲ್ಲ ಎಂದರೆ, ಇದನ್ನೂ ಹೇಳಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಒಲೆಯ ಬೆಂಕಿಗೆ ನೀರು ಸುರಿಯಬೇಡಿ ಎಂದು ನೆಂಟರಿಗೆ ಯಾರು ಹೇಳುತ್ತಾರೆ?

ಇಷ್ಟೇ ಆಗಿದ್ದರೆ ನನ್ನ ಅವಮಾನದೊಡನೆ ಕತೆ ಮುಗಿಯುತ್ತಿತ್ತು. ಆದರೆ ಓಬಕ್ಕ ರೊದ್ದದಲ್ಲಿ ಒಂದು ಮಾತು ಕೊಟ್ಟು ಬಂದಿದ್ದಳು. ಮಗಳು ಸಾಕಮ್ಮನ ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಬೀಗಿತ್ತಿ ಒಪ್ಪಿರಲಿಲ್ಲ. “ನಮ್ಮೂರ್ ಮುಂದೆ ಹೊಳೆ ಐತೆ, ನಿಮ್ಮೂರಾಗೆ ಬಾಣ್ತಿಗೆ ಎರಡು ಹಂಡೆ ನೀರು ಎಲ್ಲಿಂದ ತತ್ತೀಯಮ್ಮ?” ಎಂದಳಂತೆ. ಬಾಣಂತಿಗೆ ದಿನವೂ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು, ಮಗುವಿಗೆ ಬೇರೆ, ಬಟ್ಟೆಗೆ ಬೇರೆ. ಓಬಕ್ಕ ಎದೆ ತಟ್ಟಿ, “ಕುಂಟೆ ತುಂಬೈತೆ, ನಮ್ ಬಾವಿ ಎಂದೂ ಕೈ ಬಿಟ್ಟಿಲ್ಲ, ದೀಪಾವಳಿ ಆದ್ಮೇಲೆ ಕರ್ಕೊಂಡ್ ಹೋಯ್ತೀನಿ” ಎಂದು ಬಂದಿದ್ದಳು. ಸಾಕಮ್ಮ ಅತ್ತೆಯ ಎದುರು ಮಾತಾಡದೆ ತಾಯಿಯ ಸೆರಗು ಮಾತ್ರ ಹಿಡಿದುಕೊಂಡಿದ್ದಳಂತೆ. ಆ ಹುಡುಗಿಗೆ ಹೆರಿಗೆಯ ಹೆದರಿಕೆ. ತಾಯಿಗೆ, ತನ್ನ ಒಬ್ಬಳೇ ಮಗಳನ್ನು ಆ ಹೊತ್ತಿನಲ್ಲಿ ಬೇರೆಯವರ ಕೈಯಲ್ಲಿ ಬಿಡುವ ಹೆದರಿಕೆ. ಇವೆರಡರ ನಡುವೆ ನಾನು ಕಾಲುವೆ ತೋಡಿದ್ದೆ.

ಆ ಸಂಜೆಯೇ ಕಾಲುವೆ ಮುಚ್ಚಿದೆ, ನಾನೊಬ್ಬನೇ. ಕಟ್ಟೆ ಕಡಿಯುವುದಕ್ಕೆ ಇಪ್ಪತ್ತು ಮಕ್ಕಳನ್ನು ಕರೆದವನಿಗೆ ಮುಚ್ಚುವುದಕ್ಕೆ ಒಬ್ಬರನ್ನೂ ಕರೆಯುವ ಮುಖವಿರಲಿಲ್ಲ. ಅಂಗೈ ತುಂಬ ಬೊಬ್ಬೆ. ಆದರೆ ಮುಚ್ಚಿದ ಕುಂಟೆಯಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ, ಇನ್ನೊಂದು ಮಳೆ ಬರಬೇಕು. ಚಿತ್ತೆ ಮಳೆ ಮೋಡ ತೋರಿಸಿ ಹಾಗೆಯೇ ಹೋಯಿತು. ಬಾವಿಯಲ್ಲಿ ಐದನೆಯ ಮೆಟ್ಟಿಲಿನಲ್ಲಿದ್ದ ನೀರು ಏಳಕ್ಕೆ ಇಳಿಯಿತು, ಎಂಟಕ್ಕೆ ಇಳಿಯಿತು. “ಹತ್ತನೇ ಮೆಟ್ಲು ಕಂಡ್ರೆ ಹೆರಿಗೆ ಅಲ್ಲೇ ಆಗ್ಲಿ ಅಂತ ರೊದ್ದಕ್ಕೆ ಹೇಳಿ ಕಳಿಸ್ಬುಡ್ತೀನಿ” ಎಂದು ಓಬಕ್ಕ ನನ್ನಾಕೆಯ ಹತ್ತಿರ ಹೇಳಿದಳು. ಅದನ್ನು ನನ್ನಾಕೆ ನನಗೆ ಹೇಳಿದಳು. ಆ ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು, ಹಾಗೆಯೇ ಉಂಡು ಎದ್ದೆ.

ದಿನ ಬೆಳಗಾದರೆ ಬಾವಿಗೆ ಹೋಗಿ ಮೆಟ್ಟಿಲು ಎಣಿಸುವುದು ನನ್ನ ಸಂಧ್ಯಾವಂದನೆಯಾಯಿತು. ಹೆಂಗಸರು ಒಬ್ಬರೂ ‘ಬತ್ತುತ್ತಿದೆ’ ಎನ್ನುತ್ತಿರಲಿಲ್ಲ. ಅಕ್ಕಿ ಮುಗಿದರೆ ‘ಹೆಚ್ಚಿತು’ ಎನ್ನುವ, ದೀಪ ಆರಿದರೆ ‘ಶಾಂತವಾಯಿತು’ ಎನ್ನುವ ಜನ ಅವರು. ನೀರು ಇಳಿದರೆ “ಗಂಗಮ್ಮ ಇವತ್ತು ಒಂದ್ ಮೆಟ್ಲು ಕೆಳಗ್ ಕುಂತವ್ಳೆ” ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಆಕೆ ದಣಿದು ಕೂತ ಹಾಗೆ ಕೇಳುತ್ತಿತ್ತೇ ಹೊರತು ಬಿಟ್ಟು ಹೋದ ಹಾಗಲ್ಲ. ನನ್ನ ವಿರುದ್ಧ ಪದಗಳ ಪಟ್ಟಿಯಲ್ಲಿ ಇಷ್ಟು ಮರ್ಯಾದೆಯ ಮಾತು ಒಂದೂ ಇರಲಿಲ್ಲ.

ಆಗ ನನಗೆ ಹೊಳೆದದ್ದು ಇದು. ನಾನು ಹರಿಯುವುದಕ್ಕೆ ಎದುರು ಎಂದುಕೊಂಡಿದ್ದ ಇಂಗುವಿಕೆಯೂ ಒಂದು ಹರಿವೇ. ಅಡ್ಡಡ್ಡಲಾಗಿ ಹರಿಯುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಭಾಷಣಕ್ಕೆ ಒದಗುತ್ತದೆ. ಕೆಳಕ್ಕೆ ಹರಿಯುವುದಕ್ಕೆ ಸದ್ದಿಲ್ಲ. ಹಿಂದೂಪುರದಲ್ಲಿ ಹೊಳೆ ನೋಡಿ ಬೆಳೆದವನು ನೀರೆಂದರೆ ಬರುವುದು, ಹೋಗುವುದು ಎಂದು ತಿಳಿದಿದ್ದೆ. ಇಲ್ಲಿನವರಿಗೆ ನೀರೆಂದರೆ ಉಳಿಯುವುದು. ಹುಟ್ಟಿದ ಊರು ಬೇರೆಯಾದರೆ ನಿಘಂಟೂ ಬೇರೆಯಾಗುತ್ತದೆ. ಆಲೆಮನೆಯ ಹುಡುಗನಿಗೆ ಕೊಟ್ಟ ಸೊನ್ನೆ ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿತು.

ಒಂಬತ್ತನೆಯ ಮೆಟ್ಟಿಲು ಕಂಡ ಮರುದಿನ ಸಂಜೆ ಸ್ವಾತಿ ಮಳೆ ಬಂತು. ನಾನು ಕೊಡೆ ಹಿಡಿದು ಓಡಿ ಕುಂಟೆಯ ಕಟ್ಟೆಯ ಮೇಲೆ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ನಾನು ನಿಂತದ್ದರಿಂದ ಮಳೆ ಒಂದು ಹನಿ ಹೆಚ್ಚು ಸುರಿಯಲಿಲ್ಲ, ಗಾಳಿಗೆ ಕೊಡೆ ಮಾತ್ರ ಹಿಂದುಮುಂದಾಯಿತು. ನಾನು ಮುಚ್ಚಿದ ಜಾಗದಲ್ಲಿ ಮಣ್ಣು ಕುಸಿಯತೊಡಗಿತು. ಕೊಡೆ ಎಸೆದು ಅಲ್ಲಿಯೇ ಕಾಲು ಚಾಚಿ ಕೂತುಬಿಟ್ಟೆ. ಮಳೆ ನಿಲ್ಲುವವರೆಗೂ ಕಲ್ಯಾಣದುರ್ಗದ ಕನ್ನಡ ಪಂಡಿತನೇ ಆ ಕಟ್ಟೆಯ ಒಂದು ಭಾಗವಾಗಿದ್ದ. ಓಬಕ್ಕ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಬಂದು ನೋಡಿ, “ಏಳಪ್ಪಾ, ಸಾಕು, ನೆಗಡಿ ಆಯ್ತೈತೆ” ಎಂದಳು. ನೀರು ಮೊಣಕಾಲುದ್ದ ನಿಂತಿತ್ತು. ಹಸ್ತದ ನೀರಿನ ಅರ್ಧವೂ ಇಲ್ಲ.

ಆದರೂ ಆಕೆ ಮಗಳನ್ನು ಕರೆತಂದಳು. ಆಕೆ ಕೇಳುವ ಮೊದಲೇ ಓಣಿಯವರು ಬಾವಿಯಿಂದ ಕುಡಿಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನೀರು ಸೇದುವುದನ್ನು ಬಿಟ್ಟಿದ್ದರು. ಗಂಡಸರು ಹಳ್ಳದ ಮರಳು ಬಗೆದು ಒರತೆಯ ನೀರಿನಲ್ಲಿ ಮಿಂದರು. ಓಬಕ್ಕ ಎರಡು ಮಡಿ ಸೊಪ್ಪನ್ನು ಬಿತ್ತದೆ ಬಿಟ್ಟಳು. ನಾನು ನಮ್ಮ ಮನೆಗೆ ಒಂದು ತೊಟ್ಟೂ ಬಾವಿಯ ನೀರು ಬೇಡವೆಂದು, ದಿನ ಬೆಳಿಗ್ಗೆ ಹೆಗಲಿಗೆ ಕಾವಡಿ ಹಾಕಿ ಹಳ್ಳದಿಂದ ತಂದೆ. ಮೊದಲ ವಾರ ಅರ್ಧ ನೀರು ದಾರಿಗೆ, ಕಾಲು ಭಾಗ ನನ್ನ ಪಂಚೆಗೆ, ಉಳಿದದ್ದು ಮನೆಗೆ. ಸೊಂಟ ಹಿಡಿದುಕೊಂಡು ತರಗತಿಯಲ್ಲಿ ನಿಂತೇ ಪಾಠ ಮಾಡಿದೆ. ಪುಷ್ಯದ ಕೊನೆಗೆ ಗಂಗಮ್ಮ ಒಂಬತ್ತನೆಯ ಮೆಟ್ಟಿಲಿನಲ್ಲಿಯೇ ಕೂತಿದ್ದಳು. ಏಳಲಿಲ್ಲ, ಇಳಿಯಲೂ ಇಲ್ಲ. ಮಾಘದಲ್ಲಿ ಸಾಕಮ್ಮ ಹೆಣ್ಣು ಮಗುವನ್ನು ಹೆತ್ತಳು. ಬಚ್ಚಲಿನಿಂದ ಬಿಸಿನೀರಿನ ಹಬೆ ಓಣಿಗೆ ಬರುತ್ತಿದ್ದುದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು ಎಂದು ಹೇಳಿದರೆ ನೀವು ನಗಬಾರದು.

ಹೆಸರಿಡುವ ದಿನ ರೊದ್ದದಿಂದ ಬೀಗರು ಬಂದರು. ಓಣಿಗೆ ಓಣಿಯೇ ಓಬಕ್ಕನ ಅಂಗಳದಲ್ಲಿತ್ತು, ನಾವೂ ಹೋಗಿದ್ದೆವು. ಬೀಗಿತ್ತಿ ಚುರುಕಿನ ಹೆಂಗಸು. ಬರುವಾಗಲೇ ಎಲ್ಲ ನೋಡಿಕೊಂಡು ಬಂದಿದ್ದಳು. “ಅಲ್ಲಮ್ಮಾ, ಕುಂಟೆ ಕಟ್ಟೇಲಿ ಹೊಸ ಮಣ್ಣು ಕಾಣ್ತೈತೆ. ಯಾರೋ ಕಡಿದಂಗಿತ್ತಲ್ಲ?” ಎಂದಳು.

ಅಂಗಳದಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ಆ ದಿನ ಸಲಿಕೆ ಹಿಡಿದ ಮಕ್ಕಳು ಅಲ್ಲಿಯೇ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು ತೊಟ್ಟಿಲು ತೂಗಿದಳು. ನಾನು ಎದ್ದು ಹೇಳಿಬಿಡಬೇಕೆಂದು ಬಾಯಿ ತೆರೆದೆ.

“ಮಳೆ ಕಣಮ್ಮ, ಸ್ವಾತಿ ಮಳೆ ಕೊರಕೊಂಡ್ ಹೋಗ್ಬುಟ್ಟಿತ್ತು” ಎಂದಳು ಓಬಕ್ಕ, ಎಲೆಗೆ ಸುಣ್ಣ ಹಚ್ಚುತ್ತಲೇ. “ನಮ್ ಅಯ್ಯವಾರೇ ಮಳೇಲಿ ಕುಂತು ಕಟ್ಟೆ ಉಳಿಸಿದ್ದು. ತಗಳ್ಳಿ ಅಯ್ಯವಾರೂ, ಎಲೆ ಹಾಕ್ಕಳ್ಳಿ.” ಎಲೆಯನ್ನು ನನ್ನ ಕೈಗೆ ಕೊಟ್ಟು, ನಾನು ಬಾಯಿಗೆ ಹಾಕುವವರೆಗೂ ನೋಡುತ್ತಿದ್ದಳು. ಬೀಗಿತ್ತಿ ನನ್ನ ಕಡೆ ತಿರುಗಿ ಕೈ ಮುಗಿದಳು. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ನಾನೂ ಮುಗಿದೆ. ಅಂಥ ನಮಸ್ಕಾರವನ್ನು ತಿರುಗಿ ಮಾಡುವ ಪ್ರಸಂಗ ಯಾರಿಗೂ ಬರಬಾರದು.

ಮರುದಿನ ಬೆಳಿಗ್ಗೆ ತಡೆಯಲಾರದೆ ಹೋದೆ. ಬೀಗರು ಬಸ್ಸು ಹತ್ತಿದ್ದರು. ಓಬಕ್ಕ ಒಲೆಯ ಮುಂದೆ ಹಂಡೆಗೆ ಉರಿ ಹಾಕುತ್ತಿದ್ದಳು. “ನಾನೇ ಕಡಿದದ್ದು ಎಂದು ಅವರಿಗೂ ಒಂದು ಮಾತು ತಿಳಿಸಬೇಕಿತ್ತು, ಓಬಕ್ಕ” ಎಂದೆ.

ಆಕೆ ಊದುಗೊಳವೆ ಕೆಳಗಿಟ್ಟು ಹೊಗೆಯಿಂದ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. “ತಿಳೀಬೇಕಾದೋರಿಗೆ ತಿಳಿದೈತಲ್ಲಪ್ಪ. ಇನ್ಯಾರಿಗ್ ತಿಳೀಬೇಕು?” ಎಂದಳು. ಆಮೇಲೆ, ಅದು ಅಲ್ಲಿಗೆ ಮುಗಿಯಿತು ಎನ್ನುವ ಹಾಗೆ, ಮೂಲೆಯ ಕಡೆ ಕೈ ತೋರಿಸಿ, “ಆ ಸೌದೆ ಇತ್ತ ಎತ್ಕೊಡಿ, ಕೂಸು ಎದ್ದೇಳೋ ಹೊತ್ತಾಯ್ತು” ಎಂದಳು.

ಎತ್ತಿ ಕೊಟ್ಟೆ.